ಯೋಗರಾಜ್ ನೋಡಿದ ಸಾಲಾವಳಿ

ಆ ದಿನ ಬೆಳಗಿನ ಕ್ಲಾಸಿನಲ್ಲಿ ಯೋಗರಾಜ್ ಆಡಬಾರದಾಗಿದ್ದ ಮಾತು ಒಂದೇ ಒಂದು. ಆ ಮಾತು ಸಾಲಾವಳಿ.

ಹಾಗಂತ ಅವನನ್ನು ಬೈದು ಪ್ರಯೋಜನವಿಲ್ಲ. ಶಿವಮೊಗ್ಗದ ಆ ಕಾಲೇಜಿನಲ್ಲಿ ಎಂ.ಎಸ್ಸಿ. ಮೊದಲ ವರ್ಷದವರಿಗೆ ಬಯೋಇನ್ಫರ್ಮ್ಯಾಟಿಕ್ಸ್ ಎಂಬ ಹೊಸ ಪೇಪರು ಬಂದಿತ್ತು. ಜೀವಿಗಳ ಡಿಎನ್‌ಎಯನ್ನು ಅಕ್ಷರಗಳ ಸಾಲಾಗಿ ಬರೆದುಕೊಂಡು, ಕಂಪ್ಯೂಟರಿನಲ್ಲಿ ಒಂದಕ್ಕೊಂದು ಹೋಲಿಸಿ ನೋಡುವ ವಿದ್ಯೆ ಅದು. ಖಾಯಂ ಮೇಷ್ಟರುಗಳೆಲ್ಲ ಅದರಿಂದ ನಯವಾಗಿ ನುಣುಚಿಕೊಂಡ ಮೇಲೆ ಅದು ಗೆಸ್ಟ್ ಲೆಕ್ಚರರ್ ಯೋಗರಾಜನ ಕುತ್ತಿಗೆಗೆ ಬಿತ್ತು. ಅವನು ಬೋರ್ಡಿನ ಮೇಲೆ ಎರಡು ಸಾಲು ಅಕ್ಷರ ಬರೆದು, ಒಂದರ ಕೆಳಗೊಂದು ಹೊಂದಿಸಿ, ಇಂಗ್ಲಿಷಿನಲ್ಲಿ ಗಂಟಲು ಒಣಗಿಸಿಕೊಂಡ. ಎದುರಿಗಿದ್ದವರು ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾದವರ ಹಾಗೆ ಸುಮ್ಮನೆ ಕೂತಿದ್ದರು.

"ನೋಡ್ರಪ್ಪಾ," ಎಂದು ಅವನು ಕೊನೆಗೆ ಕನ್ನಡಕ್ಕೆ ಇಳಿದ. "ಮದುವೆಗೆ ಮುಂಚೆ ಹುಡುಗಂದು ಹುಡುಗೀದು ಜಾತಕ ಇಟ್ಟು ಸಾಲಾವಳಿ ನೋಡ್ತಾರಲ್ಲ, ಕೂಡುತ್ತೋ ಇಲ್ವೋ ಅಂತ? ಇದೂ ಹಂಗೇ ಅನ್ಕೊಳ್ಳಿ. ಎರಡು ಸಾಲು ಕೊಟ್ರೆ ಎಷ್ಟು ಕೂಡುತ್ತೆ ಅಂತ ಕಂಪ್ಯೂಟರ್ ಹೇಳುತ್ತೆ."

ಇಡೀ ಕ್ಲಾಸಿಗೆ ಜೀವ ಬಂತು. ಆ ವರ್ಷ ಅವನ ಪಾಠ ಎಲ್ಲರಿಗೂ ಅರ್ಥವಾದದ್ದು ಅದೇ ಮೊದಲು. ಮುಂದಿನ ಬೆಂಚಿನ ಮೋನಿಕಾ ಬೋರ್ಡಿನ ಫೋಟೋ ಹೊಡೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು: 'ನಮ್ ಯೋಗರಾಜ್ ಸರ್ ಕಂಪ್ಯೂಟರಲ್ಲೇ ಸಾಲಾವಳಿ ನೋಡ್ತಾರೆ.'

ಅವನು ಕ್ಯಾಂಟೀನಿನಲ್ಲಿ ಟೀ ಲೋಟ ಬಾಯಿಗಿಡುವಷ್ಟರಲ್ಲಿ ಇತಿಹಾಸದ ಕೊಟ್ರಬಸಪ್ಪನವರು ಕುರ್ಚಿ ಎಳೆದುಕೊಂಡು ಬಂದರು.

"ಏನ್ರೀ ಯೋಗರಾಜ್, ಇಂಥ ವಿದ್ಯೆ ಇಟ್ಕೊಂಡು ಬಾಯೇ ಬಿಡ್ಲಿಲ್ವಲ್ಲ. ನಮ್ ಹುಡುಗಂದು ಪುಷ್ಯ, ಹುಡುಗೀದು ಮಖಾ. ಒಂಚೂರು ನೋಡಿ."

"ಸರ್, ಅದು ಡಿಎನ್‌ಎ. ಜಾತಕ ಅಲ್ಲ."

"ಡಿಎನ್‌ಎನೂ ನೋಡ್ತೀರಾ? ಇನ್ನೂ ಒಳ್ಳೇದಾಯ್ತು. ಎರಡೂ ಒಟ್ಟಿಗೇ ಆಗಿಹೋಗ್ಲಿ."

ಅಲ್ಲಿಂದ ತಪ್ಪಿಸಿಕೊಂಡು ಬಂದರೆ ಅಟೆಂಡರ್ ಕಾಂತರಾಜ್ ವರಾಂಡದಲ್ಲಿ ಕಾದಿದ್ದ. ಅವನ ತಂಗಿಗೆ ಎರಡು ಕಡೆಯಿಂದ ಗಂಡು ಬಂದಿತ್ತು. ಯಾರನ್ನು ಒಪ್ಪುವುದು ಎಂದು ಕಂಪ್ಯೂಟರ್ ಹೇಳಿಬಿಟ್ಟರೆ ಸಾಕಿತ್ತು. ಆಮೇಲೆ ಪ್ರಿನ್ಸಿಪಾಲರಿಂದ ಕರೆ ಬಂತು. ಇದ್ದ ಗೆಸ್ಟ್ ಕೆಲಸವೂ ಹೋಯಿತು ಎಂದುಕೊಂಡು ಯೋಗರಾಜ್ ಬೆವರುತ್ತಾ ಒಳಗೆ ಹೋದ. ಪ್ರಿನ್ಸಿಪಾಲರು ಎದ್ದು ಬಾಗಿಲು ಹಾಕಿ, ದನಿ ತಗ್ಗಿಸಿ, ತಮ್ಮ ಅಕ್ಕನ ಮಗಳ ನಕ್ಷತ್ರ ಹೇಳಿದರು.

ಅವನು ಅಲ್ಲ ಎಂದಷ್ಟೂ ಜನರ ನಂಬಿಕೆ ಹೆಚ್ಚಾಯಿತು. ನಿಜವಾಗಿ ತಿಳಿದವರು ಸುಲಭಕ್ಕೆ ಒಪ್ಪಿಕೊಳ್ಳುವುದಿಲ್ಲ ಎಂದು ಕೊಟ್ರಬಸಪ್ಪನವರು ಸ್ಟಾಫ್ ರೂಮಿನಲ್ಲಿ ತೀರ್ಪು ಕೊಟ್ಟರಂತೆ.

ಇದನ್ನೆಲ್ಲ ಅವನು ನಕ್ಕು ಮರೆತುಬಿಡುತ್ತಿದ್ದ, ರಂಜಿನಿ ಒಬ್ಬಳು ಇಲ್ಲದಿದ್ದರೆ. ರಂಜಿನಿ ಕಾಲೇಜಿನ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವಳು. ಅವಳೆಂದರೆ ಯೋಗರಾಜನಿಗೆ ಪ್ರಾಣ. ಕೆಲಸ ಖಾಯಂ ಆಗಲಿ, ಆಮೇಲೆ ಕೇಳೋಣ ಎಂದು ವರ್ಷಗಳಿಂದ ಬಾಯಿಗೆ ಬೀಗ ಹಾಕಿಕೊಂಡಿದ್ದ. ಯೋಗ ಅವನ ಹೆಸರಿನಲ್ಲಷ್ಟೇ ಇತ್ತು. ಕೆಲಸ ಖಾಯಂ ಆಗಲಿಲ್ಲ, ಬೀಗವೂ ತೆರೆಯಲಿಲ್ಲ. ದಿನಾ ಭದ್ರಾವತಿಯಲ್ಲಿ ಬಸ್ಸು ಹತ್ತುವಾಗ ಇವತ್ತು ಕೇಳಿಯೇ ಬಿಡುವುದು ಎಂದುಕೊಳ್ಳುತ್ತಿದ್ದ. ಆ ಧೈರ್ಯ ಅರ್ಧ ದಾರಿಯ ಮಾಚೇನಹಳ್ಳಿ ದಾಟುವವರೆಗೆ ಇರುತ್ತಿತ್ತು.

ಊಟದ ಹೊತ್ತಿಗೆ ಅವಳೇ ಅವನ ಮೇಜಿನ ಹತ್ತಿರ ಬಂದು ನಿಂತಳು.

"ಸರ್, ಸಂಜೆ ನಮ್ಮಪ್ಪ ನಿಮ್ಮನ್ನ ನೋಡೋಕೆ ಬರ್ತಾರೆ. ಸಾಲಾವಳಿ ವಿಷ್ಯ."

"ಯಾರಿಗೆ, ನಿಮ್ಗಾ?"

"ಹೂಂ." ಅವಳು ತಲೆ ತಗ್ಗಿಸಿ ಟಿಫಿನ್ ಡಬ್ಬಿಯ ಮುಚ್ಚಳವನ್ನು ತಿರುಗಿಸುತ್ತಿದ್ದಳು. ಮುಖ ಕೆಂಪಾಗಿತ್ತು. "ಅಪ್ಪ ಹೇಳೋದನ್ನ ಪೂರ್ತಿ ಕೇಳಿಸ್ಕೊಳ್ಳಿ ಸರ್, ಆಯ್ತಾ?"

"ಆಯ್ತು," ಎಂದ ಯೋಗರಾಜ್. ಅವಳು ಹೋದ ಮೇಲೆ ತನ್ನ ಊಟದ ಡಬ್ಬಿ ಮುಚ್ಚಿಟ್ಟ. ಬೇರೆ ಯಾರನ್ನೋ ಮದುವೆಯಾಗಲು ತನ್ನ ಕೈಯಿಂದಲೇ ಸಾಲಾವಳಿ ನೋಡಿಸುತ್ತಾಳಲ್ಲ, ಅದನ್ನು ಹೇಳುವಾಗ ನಾಚಿಕೊಳ್ಳುತ್ತಾಳಲ್ಲ ಎಂದು ಅವನಿಗೆ ಅಳುವೇ ಬಂತು.

ಸಂಜೆ ಲ್ಯಾಬ್ ಖಾಲಿಯಾದ ಮೇಲೆ ರಂಜಿನಿಯ ತಂದೆ ಪರಮೇಶ್ವರಪ್ಪನವರು ಹೊಸಮನೆ ಬಡಾವಣೆಯಿಂದ ಬಂದರು. ಹೈಸ್ಕೂಲಿನ ಹೆಡ್‌ಮಾಸ್ಟರಾಗಿ ನಿವೃತ್ತರಾದವರು, ನಗು ಕಡಿಮೆ. ಅವತ್ತು ಮಾತ್ರ ಮೀಸೆಯಡಿಯಲ್ಲಿ ಏನೋ ನಗು ಇತ್ತು.

"ಎಲ್ಲಪ್ಪಾ ನಿನ್ನ ಮಿಷನ್ನು?"

ಇದು ಜಾತಕ ನೋಡುವುದಲ್ಲ ಸರ್ ಎಂಬ ಮಾತು ಅವನ ನಾಲಿಗೆ ತುದಿಗೆ ಬಂದಿತ್ತು. ಹಾಗೆಂದರೆ ಮುದುಕರು ಯಾವುದಾದರೂ ಜೋಯಿಸರ ಹತ್ತಿರ ಹೋಗುತ್ತಾರೆ, ಅಲ್ಲಿ ಕೂಡಿಬರುತ್ತದೆ, ರಂಜಿನಿ ಇನ್ನೊಬ್ಬರ ಮನೆ ಸೇರುತ್ತಾಳೆ. ಬೆಳಗಿನಿಂದ ನಿಜ ಹೇಳಿ ಹೇಳಿ ಸುಸ್ತಾಗಿದ್ದವನು, ಇದೊಂದು ಸಲ ಸುಳ್ಳು ಹೇಳೋಣ ಎಂದು ಮನಸ್ಸು ಗಟ್ಟಿಮಾಡಿಕೊಂಡ.

"ಕೂತ್ಕೊಳ್ಳಿ ಸರ್. ಈಗಲೇ ನೋಡ್ಬಿಡೋಣ."

"ನಮ್ ಹುಡುಗೀದು ರೋಹಿಣಿ. ಇನ್ನು ಹುಡುಗ..." ಎಂದು ಮೇಷ್ಟರು ಗಂಟಲು ಸರಿಮಾಡಿಕೊಂಡರು.

ಹುಡುಗ ಎಂಬ ಮಾತು ಬಿದ್ದದ್ದೇ ತಡ, ಯೋಗರಾಜನ ಕಿವಿ ಗುಂಯ್ ಎಂದಿತು. ಮೇಷ್ಟರ ತುಟಿ ಆಡುತ್ತಲೇ ಇತ್ತು. ನಕ್ಷತ್ರ, ಊರು, ಮನೆತನ ಎಲ್ಲವನ್ನೂ ಹೇಳುತ್ತಿದ್ದಿರಬೇಕು. ಒಂದೂ ಇವನ ತಲೆಯೊಳಗೆ ಇಳಿಯಲಿಲ್ಲ. ಹೂಂ ಹೂಂ ಎನ್ನುತ್ತಾ, ಪರದೆಯಲ್ಲಿದ್ದ ಎರಡು ಚೌಕಗಳ ಪೈಕಿ ಮೇಲಿನದರಲ್ಲಿ ಮನುಷ್ಯನ ಡಿಎನ್‌ಎಯ ಒಂದು ಚೂರು, ಕೆಳಗಿನದರಲ್ಲಿ ಯಾವುದೋ ಬ್ಯಾಕ್ಟೀರಿಯಾದ ಚೂರು ಹಾಕಿ ಗುಂಡಿ ಒತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿತು. ಮೇಷ್ಟರು ಕನ್ನಡಕ ಏರಿಸಿಕೊಂಡು ಪಾಠ ಓದುವಂತೆ ಓದಿದರು.

"ನೋ ಸಿಗ್ನಿಫಿಕೆಂಟ್ ಸಿಮಿಲಾರಿಟಿ ಫೌಂಡ್." ಮೀಸೆಯಡಿಯ ನಗು ಹೋಯಿತು. "ಇನ್ನೊಂದ್ಸಲ ಒತ್ತಪ್ಪಾ."

ಅವನು ಒತ್ತಿದ. ಅದೇ ಸಾಲು ಬಂತು.

"ಒಂದಕ್ಷರಾನೂ ಕೂಡಲ್ಲ ಸರ್," ಎಂದ ಯೋಗರಾಜ್, ಎಂದೂ ಇಲ್ಲದ ಧೈರ್ಯದಿಂದ. "ಈ ಸಂಬಂಧ ಬಿಟ್ಬಿಡಿ. ಆ ಹುಡುಗ ರಂಜಿನಿಯವರಿಗೆ ತಕ್ಕವನಲ್ಲ."

ಮೇಷ್ಟರು ಕನ್ನಡಕ ತೆಗೆದು ಜೇಬಿಗಿಟ್ಟರು.

"ಇಷ್ಟ ಇಲ್ಲ ಅಂತ ನೇರ ಅಂದಿದ್ರೆ ನಂಗೇನು ಬೇಜಾರಿರ್ಲಿಲ್ಲ ಕಣಪ್ಪಾ. ಮಿಷನ್ ಕೈಲಿ ಯಾಕೆ ಹೇಳಿಸ್ಬೇಕಿತ್ತು?"

"ಏನ್ ಸರ್ ಹಂಗಂದ್ರೆ?"

"ಭಾನುವಾರ ನಿಮ್ಮಮ್ಮ ಪುಷ್ಪಮ್ಮನವರು ಮನೆಗೆ ಬಂದು ಕೇಳಿದ್ರು. ರಂಜಿನಿ ಆಗಲೇ ಒಪ್ಪಿದ್ಲು. ಸಾಲಾವಳೀನ ನಿನ್ನ ಕೈಲೇ ನೋಡಿಸೋಣ ಅಂತ ತಮಾಷೆಗೆ ಬಂದೆ. ನಿನ್ನ ನಕ್ಷತ್ರ, ನಿನ್ನ ಊರು, ನಿಮ್ಮಪ್ಪನ ಹೆಸರು, ಎಲ್ಲ ನಿಂಗೇ ಹೇಳ್ದೆ. ನಾಚ್ಕೊಂಡು ನಗ್ತೀಯ ಅಂದ್ಕೊಂಡಿದ್ದೆ."

ಯೋಗರಾಜ್ ಮೇಷ್ಟರ ಕೈ ಹಿಡಿದುಕೊಂಡ. "ನಂಗೆ ಕೇಳಿಸ್ಲಿಲ್ಲ ಸರ್. ದೇವರಾಣೆಗೂ ಕೇಳಿಸ್ಲಿಲ್ಲ. ಈ ಕಂಪ್ಯೂಟರ್ ಜಾತಕ ನೋಡೋದೇ ಇಲ್ಲ ಸರ್."

"ಬೆಳಿಗ್ಗೆಯಿಂದ ಎಲ್ಲರಿಗೂ ಹಿಂಗೇ ಹೇಳಿ ಸಾಗಹಾಕ್ತಿದ್ಯಂತೆ, ಕೊಟ್ರಬಸಪ್ಪ ಹೇಳಿದ್ರು. ಇರ್ಲಿ ಬಿಡು ಮಾರಾಯ. ಗಾಜನೂರಿನವರೂ ಕೇಳಿದಾರೆ. ಅವರಿಗೇ ಬನ್ನಿ ಅಂತೀನಿ." ಅವನ ಭುಜ ತಟ್ಟಿ ಮೇಷ್ಟರು ಎದ್ದು ಹೋದರು. ಸಿಟ್ಟು ಮಾಡಿದ್ದರೂ ಆಗುತ್ತಿತ್ತು, ಅವರು ಸಿಟ್ಟು ಮಾಡಲಿಲ್ಲ.

ಯೋಗರಾಜ್ ಎದ್ದು ಓಡಿದ. ಮೆಟ್ಟಿಲ ಮೇಲೆ ಪ್ರಿನ್ಸಿಪಾಲರು ತೋಳು ಹಿಡಿದು ನಿಲ್ಲಿಸಿದರು. "ನಮ್ ಅಕ್ಕನ ಮಗಳದು ನೋಡಿದ್ರಾ?" ಅವರ ಕೈ ಬಿಡಿಸಿಕೊಂಡು ಅಂಗಳಕ್ಕೆ ಬರುವಷ್ಟರಲ್ಲಿ ರಂಜಿನಿ ತಂದೆಯನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಗೇಟು ದಾಟಿದ್ದಳು.

ಬಸ್ಸು ಹತ್ತಿ ಅವಳಿಗೆ ಫೋನ್ ಮಾಡುತ್ತಲೇ ಇದ್ದ. ಕೊನೆಗೊಮ್ಮೆ ಎತ್ತಿದಳು. "ಮಧ್ಯಾಹ್ನಾನೇ ಇಷ್ಟ ಇಲ್ಲ ಅಂದಿದ್ರೆ ಅಪ್ಪಂಗೆ ಬರ್ಬೇಡಿ ಅಂತಿದ್ದೆ ಸರ್," ಎಂದಳು. ದನಿ ಒಡೆದಿತ್ತು. ಇವನು ಬಾಯಿ ತೆರೆಯುವ ಮೊದಲೇ ಇಟ್ಟುಬಿಟ್ಟಳು, ಮತ್ತೆ ಎತ್ತಲಿಲ್ಲ.

ಮಾಚೇನಹಳ್ಳಿಯ ಹತ್ತಿರ ಅವನ ಫೋನ್ ಬಡಿದುಕೊಂಡಿತು. ಆಸೆಯಿಂದ ನೋಡಿದರೆ ಅಮ್ಮ.

"ಏನೋ, ಮೇಷ್ಟ್ರು ಬಂದಿದ್ರಾ? ನಿನ್ನ ಮನಸ್ಸು ನಂಗೆ ಗೊತ್ತಿತ್ತು ಕಣೋ, ಅವರ ಬಾಯಿಂದಲೇ ಕೇಳ್ಲಿ ಅಂತ ನಿಂಗೆ ಹೇಳಿರ್ಲಿಲ್ಲ. ಪಾಯಸಕ್ಕೆ ಇಟ್ಟಿದೀನಿ. ಏನಾಯ್ತು ಹೇಳು."

"ಸಾಲಾವಳಿ ಕೂಡಿಬರ್ಲಿಲ್ಲಮ್ಮ."

"ಅಯ್ಯೋ, ಅದೆಂಗಾಗುತ್ತೋ? ನಮ್ ಜೋಯಿಸ್ರಿಗೆ ತೋರಿಸಿಯೇ ನಾನು ಅವರ ಮನೆಗೆ ಹೋಗಿದ್ದು. ಇಷ್ಟು ಚೆನ್ನಾಗಿ ಕೂಡಿದ್ದು ಅವರು ಈಚೆಗೆ ನೋಡೇ ಇಲ್ವಂತೆ. ಕೂಡಲ್ಲ ಅಂದ ಮುಠ್ಠಾಳ ಯಾವನೋ?"

ಯೋಗರಾಜ್ ಕಿಟಕಿಯ ಕಡೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

"ನಾನೇ ಅಮ್ಮ," ಎಂದ.