ಮಾಣಿಕನಗರದ ಕೋಳಿಗಳ ಕೆಮ್ಮು

ಕೋಳಿ ಡಾಕ್ಟರನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಕೋಳಿಗಳು ಗಂಭೀರವಾಗಿಯೇ ಇರುತ್ತವೆ, ಎಡವಟ್ಟು ಮಾಡಿಕೊಳ್ಳುವವರು ನಾವೇ.

ತೊಂಬತ್ತರ ದಶಕದಲ್ಲಿ ನಾನು ಹುಮನಾಬಾದಿನಲ್ಲಿ ಪಶುವೈದ್ಯನಾಗಿದ್ದಾಗ ಮಾಣಿಕನಗರದ ಆಚೆಗಿನ ಒಂದು ಫಾರಂನಲ್ಲಿ ಕೋಳಿಗಳು ಕೆಮ್ಮತೊಡಗಿದವು. ಕೊಕ್ಕರೆ ರೋಗದ ವೈರಸ್ ಆಗಿದ್ದರೆ ವಾರದೊಳಗೆ ಶೆಡ್ಡೇ ಖಾಲಿ. ಮಾಲೀಕ ಸಾಹುಕಾರರು ಊಟ ಬಿಟ್ಟು ಕೂತಿದ್ದರು.

೧. ಪರದೆ

ಉಸಿರಿನ ಸದ್ದು ಕೇಳಲೆಂದು ಮಟಮಟ ಮಧ್ಯಾಹ್ನ ಗೋಣಿಯ ಪರದೆ ಇಳಿಸಿ ಶೆಡ್ ಕತ್ತಲು ಮಾಡಿಸಿದೆ. ಸಾವಿರಾರು ಕೋಳಿಗಳ ಗದ್ದಲ ಒಮ್ಮೆಗೇ ನಿಂತಿತು. ಆ ಮೌನದಲ್ಲಿ ಎಲ್ಲೋ ಮೂಲೆಯಲ್ಲಿ ಒಂದೇ ಒಂದು ಗಂಟಲು ಗೊರ್ ಎಂದಿತು. ಎಷ್ಟು ಸಲ ಕೇಳಿದರೂ ನನಗೆ ಮೈ ಜುಂ ಎನ್ನುತ್ತದೆ. ಸಾಹುಕಾರರೂ ಬೆರಗಾಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: "ಸಾಹೇಬ್ರ, ಇಂಥ ಪರದಾ ನಮ್ಮ ಪಂಚಾಯತಿ ಮೀಟಿಂಗಿಗೆ ಬೇಕಿತ್ತು ನೋಡ್ರಿ."

೨. ಹತ್ತಿ

ಕೆಲವು ಕೋಳಿಗಳ ಗಂಟಲಲ್ಲಿ ಹತ್ತಿ ಸುತ್ತಿದ ಕಡ್ಡಿ ಆಡಿಸಿ ಮಾದರಿ ತೆಗೆದೆ. ಅದನ್ನೇ ಔಷಧವೆಂದುಕೊಂಡ ಸಾಹುಕಾರರು, "ಉಳಿದವು ಏನ್ ಪಾಪ ಮಾಡ್ಯಾವ್ರಿ? ಅವಕ್ಕೂ ಹಚ್ರಿ" ಎಂದರು. ಇದು ಬರೀ ತಪಾಸಣೆ ಎಂದು ನಾನು ತಿಳಿಸಿ ಹೇಳುವುದರೊಳಗೆ ಸುದ್ದಿ ಬಸವಕಲ್ಯಾಣ ಮುಟ್ಟಿತ್ತು. ಮರುದಿನ ಅಲ್ಲಿಂದ ಸಾಹುಕಾರರ ಅಕ್ಕ ಬುಟ್ಟಿಯಲ್ಲಿ ಹುಂಜ ಇಟ್ಟುಕೊಂಡು ಬಸ್ಸಿಳಿದರು. ರೋಗ ಅಂಟೀತೆಂದು ಗೇಟಿನಲ್ಲೇ ತಡೆದೆ. ಅವರಿಗೆ ಸಿಟ್ಟು ಬಂತು.

"ನಂದೊಂದು ಹುಂಜಕ್ಕ ಹಚ್ಚಿದ್ರ ಸರ್ಕಾರದ ಹತ್ತಿ ತೀರ್ತದೇನ್ರಿ?"

೩. ಬಿಳಿ ಕೋಳಿ

ತೆಗೆದ ಮಾದರಿಯನ್ನು ಪ್ರಯೋಗಾಲಯದವರು, ವೈರಸ್ ಇದ್ದರೆ ಬೆಳೆಯಲೆಂದು ಮೊಟ್ಟೆಯೊಳಗೆ ಹಾಕಿ, ಕೆಲವು ದಿನ ಬಿಟ್ಟು, ಆ ಮೊಟ್ಟೆಯ ರಸಕ್ಕೆ ಆರೋಗ್ಯವಂತ ಕೋಳಿಯ ರಕ್ತಕಣ ಬೆರೆಸಿ ನೋಡುತ್ತಾರೆ. ಫಲಿತಾಂಶ ನೋಡುವ ದಿನ ಸಾಹುಕಾರರೂ ನನ್ನ ಜೊತೆ ಅಲ್ಲಿಗೆ ಬಂದರು.

"ಆ ವೈರಸ್ ಇದ್ರ ಕೆಂಪು ಹರಡ್ಕೊಂಡು ನಿಲ್ತದ, ಇಲ್ಲಂದ್ರ ತಳಕ್ಕ ಬೊಟ್ಟಿನಂಗ ಇಳೀತದ" ಎಂದರು ಅಲ್ಲಿಯ ಡಾಕ್ಟರಮ್ಮ.

ಆ ರಸ, ರಕ್ತ ಬೆರೆಸಿದ್ದ ಸಣ್ಣ ಗುಳಿಗಳ ತಟ್ಟೆಯ ಮೇಲೆ ಬಗ್ಗಿ ಕಾದೆವು. ಒಂದೊಂದೇ ಗುಳಿಯ ತಳದಲ್ಲಿ ಕೆಂಪು ಬೊಟ್ಟು ಮೂಡುತ್ತ ಬಂತು. ಕೊಕ್ಕರೆ ರೋಗವಲ್ಲ. ಶೆಡ್ಡಿನಲ್ಲಿ ಹಾಸಿದ್ದ ಹೊಟ್ಟು ಒದ್ದೆಯಾಗಿ ಎದ್ದ ಘಾಟಿಗೇ ಅವು ಕೆಮ್ಮಿರಬೇಕು. ಕಣ್ಣಿಗೆ ಕಾಣದ್ದನ್ನು ಒಂದು ಹನಿ ರಕ್ತ ಹೇಳಿಬಿಡುತ್ತದಲ್ಲ ಎಂದು ನಾನೂ ಬೆಪ್ಪಾಗಿ ನೋಡುತ್ತ ನಿಂತೆ.

ಸಾಹುಕಾರರ ಕಣ್ಣು ತುಂಬಿತ್ತು. "ಈ ರಗತ ಯಾರದ್ರಿ?"

ಡಾಕ್ಟರಮ್ಮ ಕಿಟಕಿಯಾಚೆ ಗೂಡಿನಲ್ಲಿದ್ದ ಬಿಳಿ ಕೋಳಿ ತೋರಿಸಿದರು. ಸಾಹುಕಾರರು ಚಪ್ಪಲಿ ಬಿಟ್ಟು ಹೋಗಿ ಅದಕ್ಕೆ ಕೈಮುಗಿದರು. "ಇದನ್ನ ನಮಗ ಕೊಡ್ರಿ ಅಮ್ಮಾರ, ಸಾಯೂತನಕ ಸಾಕ್ತೀನಿ."

"ಆಗಂಗಿಲ್ರಿ. ಅದು ಸರ್ಕಾರಿ ನೌಕರ್ಯಾಗ ಅದ" ಎಂದು ಅವರು ನಕ್ಕರು.

ಸಾಹುಕಾರರು ನಗಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿ ಕೇಳಿದರು: "ಸಾಹೇಬ್ರ, ಇದನ್ನ ಹುಮನಾಬಾದಕ್ಕ ಟ್ರಾನ್ಸ್‌ಫರ್ ಮಾಡಸಬೇಕಂದ್ರ ಯಾರಿಗೆ ಭೆಟ್ಟಿ ಆಗಬೇಕ್ರಿ?"