ನಮ್ಮ ಗಟ್ಟಿ ಬಾಗಿಲಿಗೊಂದು ಮನೆ ಬೇಕು

ಪುನರ್ವಸತಿ ಕಚೇರಿಯ ಮನೆ ತಪಾಸಣಾಧಿಕಾರಿಗಳ ಸನ್ನಿಧಾನಕ್ಕೆ, ಹದಿನೇಳನೇ ಡೇರೆಯಿಂದ ಬಡಗಿಯ ಹೆಂಡತಿ ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ಭೂಕಂಪವಾದ ಮೂರನೇ ವಾರ ತಾವು ನಮ್ಮ ಬೀದಿಗೆ ದಯಮಾಡಿಸಿ, ಕುಸಿದ ಮನೆಗೆ ಕೆಂಪು, ಗಟ್ಟಿ ಮನೆಗೆ ಹಸಿರು ಗುರುತು ಬಳಿಯುತ್ತ ಹೋದಿರಿ. ಇಡೀ ಬೀದಿಯಲ್ಲಿ ಹಸಿರು ಬಿದ್ದದ್ದು ನಮ್ಮೊಬ್ಬರಿಗೇ. ಹೆಮ್ಮೆಪಡೋಣವೆಂದರೆ ಒಂದು ಸಣ್ಣ ತೊಡಕು: ನಮ್ಮಲ್ಲಿ ನಿಂತಿರುವುದು ಬರೀ ಬಾಗಿಲು. ಅದರ ಹಿಂದೆ ಗೋಡೆಯೂ ಇಲ್ಲ, ಸೂರೂ ಇಲ್ಲ.

ತಪ್ಪು ತಮ್ಮದೊಂದೇ ಎನ್ನಲಾರೆ. ಮನೆ ಬಿದ್ದ ಮರುದಿನ ನೆರೆಹೊರೆಯವರೆಲ್ಲ ಪಾತ್ರೆ, ಹಾಸಿಗೆ ಹುಡುಕುತ್ತಿದ್ದರೆ, ನಮ್ಮ ಯಜಮಾನರು ತಾವೇ ಮಾಡಿದ ಬಾಗಿಲನ್ನು ಚೌಕಟ್ಟಿನ ಸಮೇತ ಎಳೆದು ತಂದು, ಹಳೆಯ ಹೊಸ್ತಿಲಿದ್ದ ಜಾಗದಲ್ಲೇ ತೂಕದ ಗುಂಡು ಬಿಟ್ಟು ನೋಡಿ ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಆಸರೆ ಕೊಟ್ಟು, ಕೀಲುಗಳಿಗೆ ಎಣ್ಣೆ ಹಾಕಿದರು. "ಮಲಗಿಸಿಟ್ರೆ ಬಿಸಿಲಿಗೆ ಸೊಟ್ಟಗಾಗುತ್ತೆ ಕಣೇ" ಎಂದರು. ಬಡಗಿಯ ಬುದ್ಧಿ!

ತಾವಾದರೋ ಬೀದಿ ಬಿಟ್ಟು ಕಾಲಿಡಬಾರದೆಂಬ ಸುರಕ್ಷತಾ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಬಾಗಿಲು ತಟ್ಟಿ, ಅದು ಅಲುಗದಿರುವುದನ್ನು ಕಂಡು ಮೆಚ್ಚಿದಿರಿ. ನಾನು ಇಟ್ಟಿಗೆ ರಾಶಿಯ ಮೇಲಿಂದ "ಸಾರ್, ಇಲ್ಲಿ ಗೋಡೆನೇ ಇಲ್ಲ" ಎಂದು ಕೂಗಿದೆ. "ಅಮ್ಮಾ, ಅಲ್ಲಿಂದ ಕೂಗ್ಬೇಡಿ, ಬಾಗಿಲು ತೆಗೆದು ಬಂದು ಮಾತಾಡಿ" ಎಂದಿರಿ. ಇಳಿದು, ಸುತ್ತಿ, ಬಾಗಿಲು ತೆಗೆಯುವಷ್ಟರಲ್ಲಿ ಹಸಿರು ಬಿದ್ದಿತ್ತು, ತಾವು ಪಕ್ಕದ ಮನೆಯ ಮುಂದಕ್ಕೆ ಹೋಗಿದ್ದಿರಿ.

ಅಂಗೈ ಹುಣ್ಣಿಗೆ ಕನ್ನಡಿ ಯಾಕೆಂದು ನಂಬಿದ್ದ ನಾನು ಆಮೇಲೆ ಮೂರು ಅರ್ಜಿ ಬರೆದೆ. ಮರುಪರಿಶೀಲನೆಗೆ ಬಂದ ತಮ್ಮ ಸಹಾಯಕರು, ನಾವು ನೀರಿನ ಸರದಿಯಲ್ಲಿ ನಿಂತಿದ್ದಾಗ ಬಾಗಿಲು ತಟ್ಟಿ, "ಮನೆಯಲ್ಲಿ ಯಾರೂ ಇಲ್ಲ" ಎಂಬ ಚೀಟಿಯನ್ನು ಸಂದಿಯಲ್ಲಿ ತೂರಿಸಿ ಹೋದರು. ಅಂಥ ಸತ್ಯವಾದ ಮಾತನ್ನು ತಮ್ಮ ಕಚೇರಿ ಹಿಂದೆಂದೂ ಬರೆದಿರಲಿಕ್ಕಿಲ್ಲ.

ಕೆಂಪು ಗುರುತಿದ್ದವರಿಗಷ್ಟೇ ಹೊಸ ಮನೆ. ಪಟ್ಟಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ನನ್ನ ಸೊಸೆಗೆ ಈಗ ಎಂಟು ತಿಂಗಳು. ಡೇರೆಯ ನೆಲ ಸದಾ ಒದ್ದೆ. "ಅತ್ತೆ, ಕೂಸನ್ನ ಎಲ್ಲಿ ಮಲಗ್ಸೋದು?" ಎಂದು ಅವಳು ಕೇಳುತ್ತಾಳೆ. ಅದೊಂದನ್ನು ನಗುತ್ತ ಹೇಳಲು ನನಗೆ ಬರುವುದಿಲ್ಲ.

ಆದ್ದರಿಂದ ತಾವು ಈ ಬಾಗಿಲಿಗೆ ತಕ್ಕ ನಾಲ್ಕು ಗೋಡೆಗಳನ್ನಾದರೂ ಮಂಜೂರು ಮಾಡಬೇಕು. ಅದಾಗದಿದ್ದರೆ ಸಂಸಾರ ಸಮೇತ ಬಂದು, ತಾವೇ ಗಟ್ಟಿಯೆಂದು ಬರೆದುಕೊಟ್ಟ ಮನೆಯಲ್ಲಿ ಒಂದು ವಾರವಿದ್ದು, ಮಲಗುವ ಕೋಣೆ ಯಾವುದೆಂದು ನಮಗೆ ತೋರಿಸಿಕೊಟ್ಟು ಹೋಗಬೇಕೆಂದು ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ಹಸಿರು ಗುರುತಿನ ಮನೆಯೊಡತಿ

ತಾ.ಕ.: ಪತ್ರ ಮುಗಿಸುವಷ್ಟರಲ್ಲಿ ಗರಗಸದ ಸದ್ದು ಕೇಳಿತು. ಬಾಗಿಲನ್ನು ಮಲಗಿಸಲೂ ಒಪ್ಪದ ಯಜಮಾನರು ಅದನ್ನೇ ಕೊಯ್ದು ತೊಟ್ಟಿಲು ಮಾಡುತ್ತಿದ್ದಾರೆ. ತಮ್ಮ ಹಸಿರು ಗುರುತು ಸರಿಯಾಗಿ ತಲೆಯ ಕಡೆಯ ಹಲಗೆಗೆ ಬಂದಿದೆ. ಮತ್ತೆ ತಪಾಸಣೆಗೆ ಬಂದರೆ ದಯವಿಟ್ಟು ಮೆಲ್ಲಗೆ ತಟ್ಟಿ; ಈ ಸಲ ಒಳಗೆ ಒಬ್ಬರು ಇರುತ್ತಾರೆ.