ಅಮ್ಮಿನಬಾವಿ ಬಸ್ಸಿನ ಹಿಂದೊಂದು ಒಕ್ಕಣ್ಣ ಕಾರು

ಧಾರವಾಡದ ಸಪ್ತಾಪುರದಲ್ಲಿ ಝೆರಾಕ್ಸ್ ಮತ್ತು ಲ್ಯಾಮಿನೇಶನ್ ಅಂಗಡಿ ಇಟ್ಟಿರುವ ಹಫೀಜನಿಗೆ ಒಂದು ಹೆಮ್ಮೆಯಿತ್ತು. ಇಪ್ಪತ್ತು ವರ್ಷಗಳಲ್ಲಿ ಅವನ ಕೈಯಿಂದ ಹೊರಬಿದ್ದ ಒಂದೇ ಒಂದು ಮಾರ್ಕ್ಸ್ ಕಾರ್ಡಿನ ಮೇಲೂ ಗಾಳಿಗುಳ್ಳೆ ಎದ್ದಿರಲಿಲ್ಲ. ನಪಾಸಾದವನ ಕಾರ್ಡಿಗೂ ರ್‍ಯಾಂಕ್ ಬಂದವನ ಕಾರ್ಡಿನಷ್ಟೇ ನುಣುಪು ಕೊಟ್ಟು ಕಳಿಸುತ್ತಿದ್ದ. ಹೀಗಾಗಿ ಆ ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಗೌಸಮೊದ್ದೀನ, ಅವನ ಕಾರಿನ ಹೆಡ್‌ಲೈಟಿಗೆ ಪಾರದರ್ಶಕ ಫಿಲ್ಮ್ ಅಂಟಿಸುವುದು ನಾಜೂಕಿನ ಕೆಲಸ ಎಂದಾಗ ಹಫೀಜನಿಗೆ ನಗು ಬಂತು.

"ಹಳದಿ ಎಲ್ಲಾ ತಿಕ್ಕಿ ತಗದೇನಿ, ಪಾಲಿಶ್ ಮಾಡೇನಿ. ಮ್ಯಾಲೆ ಈ ಫಿಲ್ಮ್ ಹಚ್ಚಲಿಲ್ಲಂದ್ರ ಬಿಸಿಲಿಗೆ ಮತ್ತ ಮಬ್ಬಾಗತಾವ. ಮಧ್ಯಾಹ್ನ ಬಾ, ಹಚ್ಚಿಕೊಡತೇನಿ," ಎಂದ ಗೌಸಮೊದ್ದೀನ.

"ನನಗ ಫಿಲ್ಮ್ ಹಚ್ಚೂದು ಕಲಸತೀಯೇನು? ಅರ್ಧಾ ಯುನಿವರ್ಸಿಟಿಗೆ ಹಚ್ಚೇನಿ. ಕೊಡಿಲ್ಲೆ."

"ಕಾಗದ ಸಪಾಟ ಇರತೈತಿ ಮಾರಾಯಾ. ಇದು ಉಬ್ಬೇತಿ."

ಎರಡು ದೀಪಗಳಿಗೆಂದು ಕತ್ತರಿಸಿಟ್ಟ ಎರಡು ತುಂಡುಗಳನ್ನು ಸುರುಳಿ ಸುತ್ತಿಕೊಂಡು ಹಫೀಜ ಕಾರು ತೆಗೆದುಕೊಂಡು ಮನೆಗೆ ಬಂದ.

ಅವಸರಕ್ಕೆ ಕಾರಣವಿತ್ತು. ಹೆಂಡತಿ ಬುಶ್ರಾ ತವರೂರು ಅಮ್ಮಿನಬಾವಿಗೆ ಹೋಗಿ ನಲವತ್ತೆರಡು ದಿನಗಳಾಗಿದ್ದವು. ಅವಳ ತಾಯಿ ರೆಹಮತ್‌ಬಿ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದಳು. ಅಮ್ಮಿನಬಾವಿಯೇನು ಅರಬಸ್ತಾನದಲ್ಲಿಲ್ಲ, ಬಸ್ಸಿನಲ್ಲಿ ಅರ್ಧ ತಾಸು. ಆದರೂ ಹಫೀಜನ ಎರಡು ಖೋಲಿಯ ಮನೆ ದಿನದಿನಕ್ಕೆ ದೊಡ್ಡದಾಗುತ್ತ ಹೋಯಿತು. ಎರಡು ಕಪ್ ಚಹಾ ಮಾಡುವ ರೂಢಿಯನ್ನು ಕೈ ಬಿಡಲಿಲ್ಲ. ಎರಡನೆಯದನ್ನೂ ತಾನೇ ಕುಡಿದು ನಿದ್ದೆಗೆಡುತ್ತಿದ್ದ. ಫೋನು ಮಾಡಿದರೆ ಮಾತ್ರ "ಜೀರಗಿ ಡಬ್ಬಿ ಎಲ್ಲಿಟ್ಟಿ?" ಎನ್ನುವುದರಾಚೆ ಮಾತು ಹೊರಡುತ್ತಿರಲಿಲ್ಲ. ಡಬ್ಬಿ ಅವನ ಕಣ್ಣೆದುರಿಗೇ ಇರುತ್ತಿತ್ತು.

ಎರಡು ವಾರದ ಹಿಂದೆ ಅವಳನ್ನು ನೋಡಲೆಂದು ಮುಸ್ಸಂಜೆಗೆ ಹೋದವನು, ದೀಪದ ಮಬ್ಬಿನಲ್ಲಿ ಹಾದಿ ಯಾವುದು ಹಿತ್ತಿಲು ಯಾವುದು ತಿಳಿಯದೆ, ಕಾರನ್ನು ನೆಟ್ಟಗೆ ಅತ್ತೆಯ ಮನೆಯ ಮೇವಿನ ಬಣವೆಗೆ ನುಗ್ಗಿಸಿದ್ದ. "ಇದರ ಕಣ್ಣಿಗೆ ಪೊರಿ ಬಂದಾವ. ಛಲೋ ಆಗೂತನಾ ಕತ್ತಲಾದಮ್ಯಾಲೆ ನಾ ಇದರಾಗ ಕುಂದ್ರೂದಿಲ್ಲ," ಎಂದು ಬುಶ್ರಾ ಅಂದೇ ತೀರ್ಪು ಕೊಟ್ಟಿದ್ದಳು. ಈಗ ತಾಯಿಯ ಪ್ಲಾಸ್ಟರ್ ಬಿಚ್ಚಿತ್ತು. "ಭಾನುವಾರ ಬರ್ರಿ, ಹೊಂಡತೇನಿ," ಎಂದಿದ್ದಳು. ಮೂರು ಗಂಟೆಗೆ ಅಲ್ಲಿರಬೇಕೆಂದು ಹಫೀಜ ನಿಶ್ಚಯಿಸಿದ್ದ.

ದೀಪಕ್ಕೆ ಸಾಬೂನು ನೀರು ಸಿಂಪಡಿಸಿದ. ಮೊದಲ ತುಂಡಿನ ಹಿಂಬದಿಯ ಕಾಗದ ಸುಲಿದ. ಇನ್ನಷ್ಟು ನೀರು ಬೇಕೆನಿಸಿತು. ಎರಡೂ ಕೈ ತುಂಬಿದ್ದವು. ಫಿಲ್ಮನ್ನು ಒಂದು ಗಳಿಗೆ ಗದ್ದದ ಕೆಳಗೆ ಒತ್ತಿ ಹಿಡಿದು ಬಾಟಲಿಗೆ ಕೈ ಚಾಚಿದ. ದೀಪಕ್ಕೆ ಹತ್ತು ವರ್ಷ ಹಿಡಿದಿರಬೇಕಾಗಿದ್ದ ಅಂಟು ಅವನ ಗಡ್ಡವನ್ನು ಹಿಡಿಯಿತು. ಎಳೆದರೆ ಕಣ್ಣೀರು ಬಂತು. ಕೊನೆಗೆ ಕನ್ನಡಿಯ ಮುಂದೆ ನಿಂತು, ಕತ್ತರಿಯಿಂದ ಫಿಲ್ಮನ್ನೂ ಎಡಗಡೆಯ ಅರ್ಧ ಗಡ್ಡವನ್ನೂ ಕೂಡಿಯೇ ತೆಗೆದ.

ಎರಡನೆಯ ತುಂಡಿಗೆ ಹುಷಾರಾದ. ಉಬ್ಬಿದ ಕಡೆ ಫಿಲ್ಮ್ ಬಾಗಲು ಬಿಸಿಗಾಳಿ ಬೇಕಿತ್ತು. ಕಪಾಟು ತೆಗೆದು ಬುಶ್ರಾಳ ಹೇರ್ ಡ್ರೈಯರ್ ಹುಡುಕಿದ. ಅದಕ್ಕೆ ಅವಳ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು. ಚಾಲೂ ಮಾಡಿದರೆ ಬಿಸಿಗಾಳಿಯ ಜೊತೆ ಅವಳ ತಲೆಯ ಎಣ್ಣೆಯ ವಾಸನೆಯೂ ಹೊರಬಂತು. ಹಫೀಜ ಕಾರನ್ನು ಮರೆತು ಮಂಚದ ಮೇಲೆ ಕುಳಿತು, ಮುಖಕ್ಕೆ ಗಾಳಿ ಹಿಡಿದುಕೊಂಡ. ಎಷ್ಟು ಹೊತ್ತು ಕುಳಿತನೋ, ಫೋನು ಬಂತು.

"ಎಲ್ಲಿ ಅದೀರಿ? ನಾಲ್ಕಾತು."

"ಹಾದ್ಯಾಗ ಅದೇನಿ," ಎಂದ ಹಫೀಜ.

"ಏನೋ ಗಾಳಿ ಸಪ್ಪಳ ಬರಾಕತ್ತೇತಿ."

"ಜೋರ್ ಹೊಂಟೇನಿ."

ಎಡಗಡೆಯ ದೀಪಕ್ಕೆ ಆ ತುಂಡು ಗುಳ್ಳೆಯಿಲ್ಲದೆ, ಸುಕ್ಕಿಲ್ಲದೆ ಕೂತಿತು. ಬಲಗಡೆಯದಕ್ಕೆ ಫಿಲ್ಮ್ ಉಳಿದಿರಲಿಲ್ಲ. ಗೌಸಮೊದ್ದೀನನ ಹತ್ತಿರ ಮತ್ತೆ ಹೋಗಿ ಬೇಡಲು ಮನಸ್ಸು ಒಪ್ಪಲಿಲ್ಲ. ಅಂಗಡಿಯಲ್ಲಿ ಪುಸ್ತಕಗಳ ರಟ್ಟಿಗೆ ಹೊದಿಸುವ ಅಂಟಿನ ಪ್ಲಾಸ್ಟಿಕ್ ಇತ್ತು. ಅದನ್ನೇ ತಂದು ಅಂಟಿಸಿ ಬಿಸಿಗಾಳಿ ಬಿಟ್ಟ. ಅದು ಹಾಲಿನ ಕೆನೆಯಂತೆ ಮುದುಡಿತು. ಕಿತ್ತರೆ ಅಂಟು ಉಳಿಯಿತು. ಅಂಟು ಹೋಗಲೆಂದು ಥಿನ್ನರ್ ಹಾಕಿ ತಿಕ್ಕಿದ. ಅಂಟಿನ ಸಂಗಡ ಪಾಲಿಶೂ ಹೋಗಿ, ದೀಪ ಮಜ್ಜಿಗೆಯ ಗ್ಲಾಸಿನಂತಾಯಿತು.

ಅಮ್ಮಿನಬಾವಿ ಮುಟ್ಟಿದಾಗ ಹೊತ್ತು ಮುಳುಗುತ್ತಿತ್ತು. ಬುಶ್ರಾ ಮಧ್ಯಾಹ್ನದಿಂದ ಚೀಲ ಕಟ್ಟಿಕೊಂಡು ಕಟ್ಟೆಯ ಮೇಲೆ ಕುಳಿತಿದ್ದಳು. ತಿಳಿ ಹಸಿರು ದುಪಟ್ಟಾ ಹೊದ್ದಿದ್ದಳು, ಸ್ವಲ್ಪ ಸೊರಗಿದ್ದಳು. ಅವಳನ್ನು ನೋಡಿ ಹಫೀಜನಿಗೆ ಹೇಳಬೇಕಾದ್ದೆಲ್ಲ ಗಂಟಲಿಗೆ ಬಂತು. ಅಷ್ಟರಲ್ಲಿ ಅವಳೇ ಕೇಳಿದಳು.

"ಗಡ್ಡಕ್ಕ ಏನಾತ್ರಿ?"

"ಫಿಲ್ಮ್ ಹಚ್ಚಾಕ ಹೋಗಿದ್ದೆ."

"ಗಡ್ಡಕ್ಕ ಯಾರರ ಫಿಲ್ಮ್ ಹಚ್ಚತಾರೇನು?"

ಹಫೀಜ ದೀಪ ಹಾಕಿ ತೋರಿಸಿದ. ಎಡಗಡೆಯದು ಎದುರಿನ ಗೋಡೆಯ ಮೇಲಿನ ಇರುವೆಯನ್ನೂ ತೋರಿಸಿತು. ಬಲಗಡೆಯದು ತನ್ನನ್ನು ತಾನೇ ತೋರಿಸಿಕೊಳ್ಳಲಾರದೆ ಕುಳಿತಿತ್ತು. ಒಳಗಿನಿಂದ ಕೋಲೂರಿ ಬಂದ ರೆಹಮತ್‌ಬಿ ಎರಡನ್ನೂ ನೋಡಿ, "ಏಳರ ಬಸ್ ಬರೂ ಹೊತ್ತಾತು ನೋಡವಾ," ಎಂದಳು ಮಗಳಿಗೆ.

ನಲವತ್ತೆರಡು ದಿನ ಕಾದು ಕರೆಯಲು ಬಂದವನ ಎದುರಿಗೇ ಬುಶ್ರಾ ಬಸ್ಸು ಹತ್ತಿದಳು. "ಬಸ್ಸಿನ ಬೆನ್ನು ಹತ್ತಿ ಬರ್ರಿ, ಹಾದಿ ತಪ್ಪೂದಿಲ್ಲ," ಎಂದಷ್ಟೇ ಹೇಳಿದಳು.

ಹಫೀಜ ಬೆನ್ನು ಹತ್ತಿದ. ಬುಶ್ರಾ ಕೊನೆಯ ಸೀಟಿನಲ್ಲಿ ಬಸ್ಸಿನ ಹಿಂದಿನ ಗಾಜಿಗೆ ಹತ್ತಿ ಕುಳಿತಿದ್ದಳು. ಅವನ ಒಂದು ದೀಪದ ಬೆಳಕೆಲ್ಲ ನೇರ ಅವಳ ಮೇಲೆ ಬಿದ್ದಿತ್ತು. ಅವಳು ಆಗಾಗ ತಿರುಗಿ ನೋಡಿದಾಗ ಮೂಗುತಿ ಮಿಂಚುತ್ತಿತ್ತು. ಅಷ್ಟು ದಿನ ಫೋನಿನಲ್ಲಿ ಆಡಲಾಗದ್ದನ್ನೆಲ್ಲ ಅವನು ಸ್ಟೇರಿಂಗಿಗೆ ಹೇಳುತ್ತ ಹೊರಟ. ನೀ ಇಲ್ಲದ ಮನ್ಯಾಗ ಗಡಿಯಾರದ ಸಪ್ಪಳನೂ ಬ್ಯಾಸರ ಆಗೇತಿ ಎಂದ. ಜೀರಗಿ ಡಬ್ಬಿ ಎಲ್ಲೈತೆಂತ ನನಗ ಮೊದಲಿಂದಾನೂ ಗೊತ್ತು ಎಂದ.

ಊರಾಚೆಯ ಸ್ಟಾಪಿನಲ್ಲಿ ಬಸ್ಸು ನಿಂತಿತು. ಕಂಡಕ್ಟರ್ ಇಳಿದು ಸೀದಾ ಕಾರಿನ ಹತ್ತಿರ ಬಂದ. ಅರ್ಧ ಗಡ್ಡದ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿದ.

"ಏನ್ರೀ ಸಾಹೇಬ್ರ, ಊರು ಬಿಟ್ಟಾಗಿಂದ ಆ ಹೆಣಮಗಳ ಮ್ಯಾಲೆ ಲೈಟ್ ಬಿಟಗೊಂಡು ಬರಾಕತ್ತೀರಿ. ಮುಂದ ಸೀಟ್ ಖಾಲಿ ಅದಾವ, ಬರ್ರಿ ಅಂದ್ರ ಅವರು ಏಳವಲ್ರು. ಅಂಜಿಬಿಟ್ಟಾರ ಪಾಪ. ಮನ್ಯಾಗ ಅಕ್ಕ-ತಂಗ್ಯಾರಿಲ್ಲೇನು?"

"ಅಕ್ಕ-ತಂಗ್ಯಾರು ಅದಾರ್ರಿ," ಎಂದ ಹಫೀಜ. "ಹೆಂಡತಿನ ಇಲ್ಲ. ಅಕಿನ್ನ ನೀವು ಕರಕೊಂಡು ಹೊಂಟೀರಿ."

ಕಂಡಕ್ಟರ್ ನಂಬಲಿಲ್ಲ. ಬಸ್ಸು ಹತ್ತಿ, ಕೊನೆಯ ಸೀಟಿಗೆ ಹೋಗಿ, ಕಾರಿನತ್ತ ಕೈ ಮಾಡಿ ಏನೋ ಕೇಳಿದ. ಬುಶ್ರಾ ಗಾಜಿಗೆ ಹಣೆ ಹಚ್ಚಿ ಹಫೀಜನನ್ನು ಬಹಳ ಹೊತ್ತು ನೋಡಿದಳು. ದುಪಟ್ಟಾದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳ ಭುಜಗಳು ನಗೆಯಿಂದ ಕುಣಿಯುತ್ತಿದ್ದವು. ಎಷ್ಟು ದಿನಗಳ ಮೇಲೆ ಕಂಡ ನಗೆ ಎಂದು ಹಫೀಜನ ಕಣ್ಣು ತುಂಬಿ ಬಂತು.

ಆಮೇಲೆ ಅವಳು ಕಂಡಕ್ಟರನ ಕಡೆ ತಿರುಗಿ, ಇವರು ಯಾರೋ ಗೊತ್ತಿಲ್ಲ ಎಂದು ತಲೆಯಾಡಿಸಿದಳು.

ಈ ಸಲ ಕಂಡಕ್ಟರನ ಜೊತೆ ಡ್ರೈವರನೂ ಇಳಿದ.